ಬಿಲ್ಜ್ ನೀರು 15 ಪಿಪಿಎಂಗೆ ಇಳಿಯದಿದ್ದರೆ

ಕುಂಬಳೆ, ಮಂಜೇಶ್ವರ, ಉದುಮ ಕಡೆಯಿಂದ ಮೊದಲ ಸಲ ಹಡಗು ಹತ್ತುವ ಹುಡುಗರು ಕೇಳುವುದೆಲ್ಲ ಸಂಬಳ, ಕಾಂಟ್ರಾಕ್ಟ್, ಸಿಡಿಸಿ (ನಾವಿಕರ ಗುರುತಿನ ಪುಸ್ತಕ) ವಿಚಾರ. ಎಂಜಿನ್ ರೂಮಿಗೆ ಇಳಿದ ಮೇಲೆ ಅವರ ಕೈಗೆ ಮೊದಲು ಬರುವುದು ಮಾತ್ರ ಬಿಲ್ಜ್ ನೀರು, ಅಂದರೆ ಎಂಜಿನ್ ರೂಮಿನ ತಳದಲ್ಲಿ ಸೇರುವ ಎಣ್ಣೆ ಬೆರೆತ ನೀರು. ಸೆಕೆಂಡ್ ಎಂಜಿನಿಯರ್ ಆಗಿ, ಅದರ ಎಣ್ಣೆ ಬೇರ್ಪಡಿಸಿ ನೀರನ್ನು ಸಮುದ್ರಕ್ಕೆ ಬಿಡುವ ಕೆಲಸವನ್ನು ನಾನು ಮಾಡುವ, ಮಾಡಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕಗಳು ಗಂಟೆಗೆ 5 ಘನ ಮೀಟರ್ ಸಾಮರ್ಥ್ಯದ ಸೆಪರೇಟರಿನವು (ನೀರಿನಿಂದ ಎಣ್ಣೆ ಬೇರ್ಪಡಿಸುವ ಯಂತ್ರ).

15 ಪಿಪಿಎಂ ಎಂದರೆ 1000 ಲೀಟರ್ ನೀರಿಗೆ 15 ಮಿಲಿಲೀಟರ್ ಎಣ್ಣೆ. ಒಗ್ಗರಣೆಗೆ ಹಾಕುವ ಒಂದು ದೊಡ್ಡ ಚಮಚದಷ್ಟು. ಹಡಗುಗಳಿಂದ ಆಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌ನ ಅನುಬಂಧ 1ರ ಪ್ರಕಾರ ಇದಕ್ಕಿಂತ ಹೆಚ್ಚು ಎಣ್ಣೆಯಿರುವ ನೀರನ್ನು ಸಮುದ್ರಕ್ಕೆ ಬಿಡುವಂತಿಲ್ಲ, ಒಳ್ಳೆ ನೀರು ಬೆರೆಸಿ ತೆಳು ಮಾಡುವಂತೆಯೂ ಇಲ್ಲ. ಹಡಗು ಚಲಿಸುತ್ತಿರಬೇಕು. ಅಂಟಾರ್ಕ್ಟಿಕಾ ಪ್ರದೇಶದಲ್ಲಿ ಒಂದು ಹನಿಯೂ ಕೂಡದು. ಕಂಪೆನಿಗಳ ನಿಯಮ ಇದಕ್ಕಿಂತ ಬಿಗಿ ಇರುವುದುಂಟು. ಆಗ ಅದೇ ಕೊನೆಯ ಮಾತು.

ಸೆಪರೇಟರಿನಿಂದ ಹೊರಬರುವ ನೀರಿನ ಎಣ್ಣೆ ಅಳೆಯುವ ಮೀಟರ್ 15ರ ಮೇಲೆ ನಿಂತಿತು ಎಂದ ಕೂಡಲೇ ಎಲ್ಲರೂ ಸ್ಪ್ಯಾನರ್ ಹಿಡಿದು ಸೆಪರೇಟರ್ ಬಿಚ್ಚಲು ಓಡುತ್ತಾರೆ. ನಾನು ಮೊದಲು ಟಾರ್ಚ್ ಹಿಡಿದು ಕೆಳಗಿನ ಪ್ಲೇಟ್ (ಎಂಜಿನ್ ರೂಮಿನ ತಗಡಿನ ನೆಲ) ಸುತ್ತುತ್ತೇನೆ. ಹೆಚ್ಚಿನ ಸಲ ಯಂತ್ರ ಸರಿಯಾಗಿಯೇ ಇರುತ್ತದೆ, ಅದಕ್ಕೆ ಕೊಟ್ಟ ನೀರು ಕೆಟ್ಟಿರುತ್ತದೆ. ಪಂಪಿನ ಗ್ಲ್ಯಾಂಡಿನಿಂದ (ತಿರುಗುವ ದಂಡದ ಸುತ್ತ ಪ್ಯಾಕಿಂಗ್ ತುಂಬಿ ಸೋರಿಕೆ ತಡೆಯುವ ಜಾಗ) ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 4 ಲೀಟರ್ ಚಿಲ್ಲರೆ, ಅದು ಲೆಕ್ಕಕ್ಕಿಲ್ಲ. ಪ್ಯಾಕಿಂಗ್ ತಂಪಾಗಿರಲು ಅಷ್ಟು ಬೇಕು ಕೂಡ. ಅದೇ ನಿಮಿಷಕ್ಕೆ 200 ಮಿಲಿಯ ಒಂದು ಲೋಟ ತುಂಬಿದರೆ ದಿನಕ್ಕೆ 288 ಲೀಟರ್. ಇಂಥ ಎರಡು ಪಂಪ್ ಇದ್ದರೆ ವಾರದಲ್ಲಿ ಟ್ಯಾಂಕಿಗೆ 4 ಘನ ಮೀಟರ್ ಹೆಚ್ಚುವರಿ ನೀರು. ಲೋಟ, ವಾಚು ಹಿಡಿದು ಅಳೆಯುವ ಕೆಲಸವನ್ನು ವೈಪರಿಗೇ (ಎಂಜಿನ್ ರೂಮಿನ ಸಹಾಯಕ) ಕೊಡುತ್ತೇನೆ. ಸಂಖ್ಯೆಯನ್ನು ಪಂಪಿನ ಪಕ್ಕ ಚಾಕ್‌ನಲ್ಲಿ ಬರೆಯಬೇಕು.

ಪ್ರಮಾಣಕ್ಕಿಂತ ದೊಡ್ಡ ತಲೆನೋವು ಯಾವ ನೀರು ಎಲ್ಲಿಗೆ ಸೇರುತ್ತದೆ ಎಂಬುದು. ಎಸಿಯಿಂದ ತೊಟ್ಟಿಕ್ಕುವ ನೀರು ಶುದ್ಧ, ಅದಕ್ಕೆ ಬೇರೆ ಡ್ರೇನ್ ಟ್ಯಾಂಕ್ ಇದ್ದರೆ ಬಿಲ್ಜಿಗೆ ಬಿಡಬಾರದು. ಏರ್ ಕಂಪ್ರೆಸರ್ ಮತ್ತು ಏರ್ ಬಾಟಲ್ ಡ್ರೇನಿನಲ್ಲಿ ಬರುವುದು ಹಾಲಿನಂತೆ ಬಿಳಿಚಿದ ಎಣ್ಣೆನೀರು. ಇದು ಅರ್ಧ ಬಕೆಟ್ ಸೇರಿದರೂ ಸೆಪರೇಟರ್ ಸೋಲುತ್ತದೆ, ಹಾಗಾಗಿ ನೇರ ವೇಸ್ಟ್ ಆಯಿಲ್ ಟ್ಯಾಂಕಿಗೆ. ಎಕನಾಮೈಸರ್ (ಎಂಜಿನ್ ಹೊಗೆಯ ಬಿಸಿ ಬಳಸುವ ಬಾಯ್ಲರ್) ತೊಳೆದ ಮಸಿನೀರಿಗೆ ಬೇರೆಯೇ ಟ್ಯಾಂಕ್. ಇನ್ನು ನೆಲದ ಪ್ಲೇಟ್ ತೊಳೆಯುವ ಸೋಪು. ಮೀನು ಸಾರಿನ ಪಾತ್ರೆಗೆ ಸೋಪು ಹಾಕಿದರೆ ತೇಲುತ್ತಿದ್ದ ತೆಂಗಿನೆಣ್ಣೆ ಕರಗಿ ನೀರೆಲ್ಲ ಬಿಳಿಯಾಗುತ್ತದಲ್ಲ, ಬಿಲ್ಜಿನಲ್ಲಿ ಆಗುವುದೂ ಅದೇ. 2005ರ ಜನವರಿ 1ರಿಂದ ಅಳವಡಿಸುವ ಸೆಪರೇಟರುಗಳು ಇಂಥ ಬೆರಕೆಯನ್ನೂ ಬೇರ್ಪಡಿಸಬೇಕೆಂದು ನಿಯಮ ಉಂಟು, ಪರೀಕ್ಷೆಯಲ್ಲಿ ಪಾಸಾಗಿಯೇ ಬಂದಿರುತ್ತವೆ. ಆದರೆ ಮನಸ್ಸಿಗೆ ಬಂದಷ್ಟು ಡಿಗ್ರೀಸರ್ ಸುರಿದರೆ ಯಾವುದೂ ನಿಲ್ಲುವುದಿಲ್ಲ. ಎಣ್ಣೆಯನ್ನು ಬೇಗ ಬಿಟ್ಟುಕೊಡುವ ಜಾತಿಯ ಡಿಟರ್ಜೆಂಟ್ ಮಾತ್ರ ತರಿಸುತ್ತೇನೆ, ಡ್ರಮ್ಮಿಗೆ ಬೀಗ ಹಾಕುತ್ತೇನೆ. ಬೈಯುವವರು ಬೈಯಲಿ.

ಕಾಯಿಹಾಲು ಕಾಯಿಸಿದರೆ ತಾನೇ ಎಣ್ಣೆ ಬಿಡುವುದು? ಬಿಲ್ಜ್ ಟ್ಯಾಂಕನ್ನೂ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿ ಮಾಡಿ ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ ಮುಟ್ಟದೆ ಬಿಡುತ್ತೇನೆ. ಹೊರಹಾಕುವ ಹಿಂದಿನ ರಾತ್ರಿ ಹೀಟಿಂಗ್ ಬಂದ್ ಮಾಡಬೇಕು, ಇಲ್ಲದಿದ್ದರೆ ಬಿಸಿಗೆ ನೀರು ಒಳಗೇ ತಿರುಗುತ್ತಿರುತ್ತದೆ. ಮೇಲೆ ತೇಲಿದ ಎಣ್ಣೆ ಸ್ಲಡ್ಜ್ (ಎಣ್ಣೆಯ ಕೊಳೆ) ಟ್ಯಾಂಕಿಗೆ, ತಳದ ಕೆಸರು ಅಲ್ಲೇ, ನಡುವಿನ ನೀರು ಮಾತ್ರ ಸೆಪರೇಟರಿಗೆ. ಬಿಲ್ಜ್ ವೆಲ್‌ನಿಂದ (ನೀರು ಸೇರುವ ತಳದ ಗುಂಡಿ) ಟ್ಯಾಂಕಿಗೆ ಏರಿಸುವಾಗ ಪಿಸ್ಟನ್ ಅಥವಾ ಸ್ಕ್ರೂ ಪಂಪನ್ನೇ ಬಳಸಬೇಕು. ಜೋರಾಗಿ ತಿರುಗುವ ಸೆಂಟ್ರಿಫ್ಯೂಗಲ್ ಪಂಪಿಗೆ ಕೊಟ್ಟರೆ ಮಿಕ್ಸಿಗೆ ಹಾಕಿದ ಹಾಗೆ. ಹಡಗು ಜೋರಾಗಿ ಹೊರಳುವ ದಿನ ಈ ಕೆಲಸಕ್ಕೇ ಹೋಗುವುದಿಲ್ಲ.

ಚಾಲೂ ಮಾಡುವ ದಿನ ಬ್ರಿಜ್‌ಗೆ ಫೋನ್ ಮಾಡಿ ಅನುಮತಿ, ಸಮಯ, ಹಡಗಿನ ಸ್ಥಾನ ಬರೆದುಕೊಳ್ಳುತ್ತೇನೆ. ಟ್ಯಾಂಕ್ ಸೌಂಡಿಂಗ್ (ಒಳಗಿನ ನೀರಿನ ಮಟ್ಟ) ತೆಗೆದು, ಹಡಗು ಹಿಂದೆ ಮುಂದೆ ಓರೆಯಾಗಿರುವುದಕ್ಕೆ ಟ್ರಿಮ್ ಕೋಷ್ಟಕದಲ್ಲಿ ತಿದ್ದುಪಡಿ ಹಾಕುತ್ತೇನೆ, ಇದನ್ನು ಮರೆಯುವವರೇ ಹೆಚ್ಚು. ಸಮುದ್ರಕ್ಕೆ ಬಿಡುವ ಓವರ್‌ಬೋರ್ಡ್ ವಾಲ್ವಿನ ಸೀಲ್ ನಂಬರ್ ಬರೆದ ಮೇಲೆಯೇ ಸೀಲ್ ಒಡೆಯುವುದು. ಸೆಪರೇಟರಿಗೆ ಒಳ್ಳೆ ನೀರು ತುಂಬಿ, ಮೇಲಿನ ಕಾಕ್‌ನಲ್ಲಿ ಗಾಳಿ ಹೋಗಿ ನೀರು ಬರುವವರೆಗೆ ಕಾಯಬೇಕು. ಮೀಟರಿನ ಗಾಜಿನ ಕೊಳವೆಯನ್ನು ಅದರದ್ದೇ ಬ್ರಷ್‌ನಿಂದ ಉಜ್ಜಿ, ಸಿಹಿನೀರು ಹರಿಸಿ, ಸೊನ್ನೆ ತೋರಿಸುತ್ತದೆಯೋ ನೋಡಬೇಕು. ಆಮೇಲೆ ಬ್ರಷ್ ಒಳಗೆ ತೂರಿಸಿ ಬೇಕೆಂದೇ ಅಲಾರಂ ಬರಿಸುತ್ತೇನೆ: ಮೂರು ದಾರಿಯ ವಾಲ್ವ್ 20 ಸೆಕೆಂಡಿನೊಳಗೆ ತಿರುಗಿ ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸಲೇಬೇಕು. ಕಳಿಸದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ವಾಲ್ವಿನ ಗಾಳಿ ಲೈನ್ ನೋಡಬೇಕು. ಸರಿಯಿದ್ದರೆ ಸ್ಯಾಂಪಲ್ ಕಾಕ್ ಅನ್ನು ಸಿಹಿನೀರಿನಿಂದ ಸೆಪರೇಟರಿನ ಹೊರದಾರಿಗೆ ತಿರುಗಿಸಬೇಕು. ಇದನ್ನು ಸಿಹಿನೀರಿನಲ್ಲೇ ಬಿಟ್ಟು ಓಡಿಸುವುದು ಹಳೇ ಕಳ್ಳದಾರಿ. ಈಗಿನ ಮೀಟರುಗಳು ಸಮಯ, ಅಲಾರಂ ಸಮೇತ 18 ತಿಂಗಳ ದಾಖಲೆ ಇಟ್ಟುಕೊಂಡಿರುತ್ತವೆ.

ಇಷ್ಟಾದರೂ ಮೀಟರ್ ಇಳಿಯದಿದ್ದರೆ ಬಾಟಲಿ. ಸ್ವಚ್ಛವಾದ ಗಾಜಿನ ಬಾಟಲಿಯಲ್ಲಿ ಹೊರದಾರಿಯ ನೀರು ಹಿಡಿದು ಬೆಳಕಿಗೆ ಇಡುತ್ತೇನೆ. ಒಂದೆರಡು ನಿಮಿಷದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿಗುಳ್ಳೆ. ಮೀಟರ್ ನೋಡುವುದು ಬೆಳಕು ಎಷ್ಟು ಚದುರುತ್ತದೆ ಎಂಬುದನ್ನು, ಗುಳ್ಳೆಯೂ ಅದಕ್ಕೆ ಎಣ್ಣೆಯೇ. ಪಂಪು ಹೀರುವ ಕಡೆಯ ಸ್ಟ್ರೈನರ್ (ಕಸ ತಡೆಯುವ ಜರಡಿ) ಮುಚ್ಚಳದ ರಬ್ಬರ್ ನೋಡಿ. ಅರ್ಧ ಗಂಟೆಯಲ್ಲಿ ತಳಕ್ಕೆ ಕೆಂಪು ಅಥವಾ ಕಪ್ಪು ಕೂತರೆ ತುಕ್ಕು ಅಥವಾ ಮಸಿ. ಟ್ಯಾಂಕ್ ತಳದಿಂದ ಎಳೆಯುತ್ತಿದ್ದೀರಿ ಎಂದರ್ಥ. ಮೇಲೆ ಬಣ್ಣದ ಪೊರೆ ತೇಲಿದರೆ ಮಾತ್ರ ಸೆಪರೇಟರಿನ ತಪ್ಪು: ಸಣ್ಣ ಎಣ್ಣೆಹನಿಗಳನ್ನು ಒಟ್ಟುಗೂಡಿಸುವ ಫಿಲ್ಟರ್ ಆದ ಕೋಲೆಸರ್ ತುಂಬಿದೆ, ಇಲ್ಲವೇ ಎಣ್ಣೆ ಗುರುತಿಸುವ ಪ್ರೋಬ್ ಕೊಳೆಯಾಗಿ ಎಣ್ಣೆ ಬಿಡುವ ವಾಲ್ವ್ ತೆರೆಯುತ್ತಿಲ್ಲ. ಮಾರನೆ ದಿನವೂ ಹಾಲಿನಂತೆಯೇ ಇದ್ದರೆ ಸೋಪು. ಅದಕ್ಕೆ ಮತ್ತೆ ಬಿಸಿ, ಮತ್ತೆ ಕಾಯುವುದು. ಆಗಲೂ ಬಿಡದಿದ್ದರೆ ಬಂದರಿನಲ್ಲಿ ದಡಕ್ಕೆ ಕೊಟ್ಟು ರಶೀದಿ ತೆಗೆದುಕೊಳ್ಳುವುದು. ಖರ್ಚಾಗುತ್ತದೆ ಎಂದು ಚೀಫ್ ಮುಖ ಸಿಂಡರಿಸಿದರೂ ಬೇರೆ ದಾರಿ ಇಲ್ಲ. ಪೈಪ್ ಜೋಡಿಸಿ ನೇರ ಹೊರಗೆ ಬಿಟ್ಟ ಹಡಗುಗಳ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಆಗುತ್ತದೆ. ಸುಳಿವು ಕೊಟ್ಟವರಿಗೆ ದಂಡದ ಅರ್ಧದವರೆಗೂ ಕೊಡಿಸಲು ಅಲ್ಲಿನ ಕೋರ್ಟಿಗೆ ಅಧಿಕಾರ ಉಂಟು.

ಆಯಿಲ್ ರೆಕಾರ್ಡ್ ಪುಸ್ತಕದಲ್ಲಿ ಇದು ಡಿ ಅಕ್ಷರದ ಕೆಳಗೆ: 13ರಲ್ಲಿ ಪ್ರಮಾಣ, 14ರಲ್ಲಿ ಆರಂಭ ಮತ್ತು ಅಂತ್ಯದ ಸಮಯ, 15.1ರಲ್ಲಿ ಎರಡೂ ಕಡೆಯ ಸ್ಥಾನ. ಉದಾಹರಣೆಗೆ 09:10ರಿಂದ 10:40, ಟ್ಯಾಂಕ್ 11.2ರಿಂದ 6.7ಕ್ಕೆ, ಹೋದದ್ದು 4.5 ಘನ ಮೀಟರ್. ಗಂಟೆಗೆ 3, ಹಾಗಾಗಿ ನಂಬುವ ಲೆಕ್ಕ. ಒಂದು ಗಂಟೆಯಲ್ಲಿ 7 ಎಂದು ಬರೆದರೆ ತಪಾಸಣೆಗೆ ಬಂದವರು ಸೆಪರೇಟರಿನ ತಗಡು ಓದಿಯೇ ಹಿಡಿಯುತ್ತಾರೆ. ಸ್ಲಡ್ಜ್ ಲೆಕ್ಕವನ್ನೂ ಅವರು ತಾಳೆ ನೋಡುತ್ತಾರೆ: ದಿನಕ್ಕೆ 30 ಟನ್ ಹೆವಿ ಆಯಿಲ್ ಸುಡುವಲ್ಲಿ ಶೇಕಡಾ 1ರಂತೆ ವಾರಕ್ಕೆ 2 ಟನ್ ಆಸುಪಾಸು ಬರಬೇಕು. ತಪ್ಪು ಬರೆದರೆ ಒಂದೇ ಗೆರೆ ಎಳೆದು ಸಹಿ, ಬಿಳಿ ಶಾಯಿ ಕೂಡದು. ಕೊನೆಯ ನಮೂದಿನಿಂದ 3 ವರ್ಷ ಪುಸ್ತಕ ಹಡಗಿನಲ್ಲೇ ಇರಬೇಕು.

ಹೊಸಬರಿಗೆ ಮೊದಲ ವಾರ ವಾಲ್ವ್ ಮುಟ್ಟಲು ಬಿಡುವುದಿಲ್ಲ. ಲೈನ್ ಹಿಡಿದು ನಡೆದು, ಕೈಯಲ್ಲೇ ನಕ್ಷೆ ಬಿಡಿಸಿ, ತಮ್ಮ ಭಾಷೆಯಲ್ಲಿ ನನಗೆ ವಿವರಿಸಬೇಕು. ನಮ್ಮ ಊರಿನವರಾದರೆ ಕನ್ನಡದಲ್ಲೋ ತುಳುವಿನಲ್ಲೋ. ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದವನಿಗೆ ಎಷ್ಟೋ ಸಲ ನೀರು ಯಾವ ಕಡೆ ಹೋಗುತ್ತದೆಂದೇ ಗೊತ್ತಿರುವುದಿಲ್ಲ. ಎರಡನೇ ವಾರ ಅವರೇ ಓಡಿಸುತ್ತಾರೆ, ನಾನು ಕೈಕಟ್ಟಿ ಹಿಂದೆ ನಿಲ್ಲುತ್ತೇನೆ. ಮೂರನೇ ವಾರ ಹೇಳದೆ ಸ್ಟ್ರೈನರ್ ಮುಚ್ಚಳ ಸ್ವಲ್ಪ ಸಡಿಲಿಸಿ, ಬಾಟಲಿ ನೋಡಿ ಕಾರಣ ಹೇಳು ಅನ್ನುತ್ತೇನೆ. ಇದೆಲ್ಲ ಡ್ಯೂಟಿ ಹೊತ್ತಿನಲ್ಲೇ ಆಗಬೇಕು. 24 ಗಂಟೆಯಲ್ಲಿ 10, 7 ದಿನದಲ್ಲಿ 77 ಗಂಟೆ ವಿಶ್ರಾಂತಿ ಎಂದು ನಾವಿಕರ ತರಬೇತಿ, ಪಾಳಿಯ ಅಂತರರಾಷ್ಟ್ರೀಯ ಒಪ್ಪಂದ ಎಸ್‌ಟಿಸಿಡಬ್ಲ್ಯೂ ಹೇಳುವುದನ್ನು ಕಲಿಸುವ ನೆಪದಲ್ಲಿ ಕದಿಯಬಾರದು.

ಕೊನೆಯ ಮೂರು ಸಲದ ಬಾಟಲಿಗಳನ್ನು ತಾರೀಕಿನ ಚೀಟಿ ಅಂಟಿಸಿ ವರ್ಕ್‌ಶಾಪಿನ ಕಪಾಟಿನಲ್ಲಿ ಇಡುತ್ತೇನೆ. ನನ್ನ ಬದಲಿಗೆ ಬರುವವರಿಗೆ ಚಾರ್ಜ್ ಕೊಡುವಾಗ, ಕೋಲೆಸರಿನ ಸ್ಪೇರ್ ಎಷ್ಟು ಉಳಿದಿದೆ ಎಂದು ಹೇಳುವ ಮುಂಚೆ ಆ ಮೂರನ್ನು ತೋರಿಸುತ್ತೇನೆ.