ಕ್ಲೈಂಬರ್ ಸ್ಟ್ಯಾಂಡ್: ಹತ್ತೋದು, ಕೂರೋದು, ಇಳಿಯೋದು

ಅಡಿಕೆ ಕೊನೆಗಾರರು ಕಾಲಿಗೆ ತಳೆ ಹಾಕಿ ಮರ ಹತ್ತೋದನ್ನು ನೋಡಿದವರಿಗೆ ಕ್ಲೈಂಬರ್ ಸ್ಟ್ಯಾಂಡಿನ ಮರ್ಮ ಅರ್ಧ ಗೊತ್ತಿದ್ದಂತೆಯೇ. ಶಿಕಾರಿಯವರು ಮರ ಹತ್ತಿ, ಮೇಲೆ ಕೂತು ಜಿಂಕೆಗೆ ಕಾಯೋಕೆ ಬಳಸುವ ಸಾಧನ ಇದು. ಮೇಲೊಂದು ಸೀಟು, ಕೆಳಗೊಂದು ಕಾಲ್ಹಲಗೆ, ಎರಡಕ್ಕೂ ಮರವನ್ನು ಬಳಸುವ ಕೇಬಲ್. ಸೀಟಿಗೆ ಭಾರ ಕೊಟ್ಟು ಪಾದದಿಂದ ಹಲಗೆಯನ್ನು ಎಳೆದುಕೊಳ್ಳಬೇಕು, ಆಮೇಲೆ ಹಲಗೆ ಮೇಲೆ ನಿಂತು ಸೀಟನ್ನು ಎತ್ತಬೇಕು. ಭಾರ ಬಿದ್ದರೆ ಕಚ್ಚುತ್ತೆ, ತೆಗೆದರೆ ಬಿಡುತ್ತೆ.

ನಾನಿರೋದು ಅಮೆರಿಕದ ಜಾರ್ಜಿಯಾದಲ್ಲಿ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿ ಅಜ್ಜನ ಕಾಲದ ಕತೆಯಾಗಿ ಉಳಿಯಿತು. ಇಲ್ಲಿ ಶಿಕಾರಿಯ ಕೋರ್ಸ್ ಮುಗಿಸಿ, ಲೈಸೆನ್ಸ್ ತಗೊಂಡು, ಸೀಸನ್ನಿನಲ್ಲಿ ಬಿಳಿಬಾಲದ ಜಿಂಕೆ ಹೊಡೆಯಬಹುದು. "ಮರ ಹತ್ತೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ?" ಅಂತ ಅಪ್ಪ ಫೋನಿನಲ್ಲಿ ನಗ್ತಾರೆ.

ಇಲ್ಲಿನ ಲೋಬ್ಲಾಲಿ ಪೈನ್ ಈ ಸ್ಟ್ಯಾಂಡಿಗೆ ಹೇಳಿ ಮಾಡಿಸಿದ ಮರ: ನೆಟ್ಟಗೆ, ಬಹಳ ಎತ್ತರದವರೆಗೆ ಕೊಂಬೆಯಿಲ್ಲ. ತೊಗಟೆ ಚಕ್ಕೆ ಚಕ್ಕೆಯಾಗಿ ಉದುರಿ ಸದ್ದಾಗುತ್ತೆ, ಅಂಟು ಬಟ್ಟೆ ಬಿಡಲ್ಲ, ಅಷ್ಟೇ ತಕರಾರು. ಒಣಗಿದ ಮರ, ವಾಲಿದ ಮರ ಬೇಡವೇ ಬೇಡ. ಕಾಂಡಕ್ಕೆ ರೋಮ ರೋಮದ ಬಳ್ಳಿ ಹಬ್ಬಿದ್ದರೆ ಅದು ಪಾಯ್ಸನ್ ಐವಿ. ನವೆಂಬರಿನಲ್ಲಿ ಎಲೆ ಉದುರಿದ್ದರೂ ಬಳ್ಳಿ ಮುಟ್ಟಿದರೆ ಮೈಯೆಲ್ಲ ತುರಿಕೆ.

ಮರ ಮೇಲೆ ಹೋದಂತೆ ಸಣ್ಣಗಾಗುತ್ತೆ, ಕಟ್ಟಿದ ಕೇಬಲ್ ಮಾತ್ರ ಅಷ್ಟೇ ಉದ್ದ. ಹಾಗಾಗಿ ನೆಲದಲ್ಲೇ ಹಲಗೆಯ ಹೊರತುದಿ ತುಸು ಮೇಲಕ್ಕಿರುವಂತೆ ಕಟ್ಟಿದರೆ ಮೇಲೆ ಹೋಗುವಷ್ಟರಲ್ಲಿ ಸಮತಟ್ಟಾಗುತ್ತೆ. ಕೆಳಗೇ ಸಮ ಮಾಡಿಕೊಂಡು ಹೊರಟರೆ ಮೇಲೆ ಹಲಗೆ ಹೊರಕ್ಕೆ ಇಳಿಜಾರು. ಸೀಟಿಗೂ ಹಲಗೆಗೂ ನಡುವೆ ಹಗ್ಗ ಕಟ್ಟಿರಲೇಬೇಕು. ಹಲಗೆ ಕಳಚಿ ಕೆಳಗೆ ಬಿದ್ದರೆ ಸೀಟೊಂದರಲ್ಲೇ ನೇತಾಡುತ್ತಾ ಕೂರಬೇಕಾಗುತ್ತೆ.

ಹಾರ್ನೆಸ್, ಅಂದರೆ ಬೀಳದಂತೆ ಮೈಗೆ ಬಿಗಿಯುವ ಪಟ್ಟಿಗಳ ಕವಚ, ಮೇಲೆ ಹೋದಮೇಲೆ ಹಾಕೋದಲ್ಲ. ನೆಲ ಬಿಡುವ ಮುಂಚೆಯೇ ಮರಕ್ಕೆ ಪಟ್ಟಿ ಸುತ್ತಿ ಕೊಂಡಿ ಹಾಕಬೇಕು, ಪ್ರತಿ ಹೆಜ್ಜೆಗೂ ಅದನ್ನು ಮೇಲಕ್ಕೆ ಸರಿಸಬೇಕು. ಬೇಜಾರಿನ ಕೆಲಸ, ನಿಜ. ಕೂತಾಗ ಪಟ್ಟಿ ತಲೆಗಿಂತ ಮೇಲಿದ್ದು, ಹಗ್ಗ ಜೋತುಬೀಳದಂತಿರಬೇಕು. ಹಾರ್ನೆಸ್‌ನಲ್ಲಿ ಸುಮ್ಮನೆ ತೂಗುತ್ತಿರೋದೂ ಅಪಾಯವೇ: ತೊಡೆಯ ಪಟ್ಟಿ ಒತ್ತಿ ಕಾಲಿನ ರಕ್ತ ವಾಪಸಾಗೋದು ನಿಧಾನವಾಗುತ್ತೆ. ಅದಕ್ಕೇ ಕಾಲೂರಿ ನಿಲ್ಲೋಕೆ ಒಂದು ಕುಣಿಕೆ ಪಟ್ಟಿ ಬರುತ್ತೆ. ಅದೂ ಫೋನೂ ಕೈಗೆಟಕುವ ಜೇಬಿನಲ್ಲಿರಲಿ, ಬ್ಯಾಗಿನೊಳಗಲ್ಲ.

ಹೆದರಿಕೆ ಬಿಟ್ಟದ್ದು ಕಾಡಿನಲ್ಲಲ್ಲ, ಹಿತ್ತಲಲ್ಲಿ. ನೆಲದಿಂದ ಮೂರಡಿ ಎತ್ತರದಲ್ಲೇ ಕೂತು, ಎದ್ದು, ತಿರುಗಿ, ದಪ್ಪ ಜಾಕೆಟ್ ಹಾಕಿ, ಕತ್ತಲಲ್ಲಿ ಕೊಂಡಿ ಹುಡುಕಿ ಅಭ್ಯಾಸ ಮಾಡಿದೆ. ಕೈಗೆ ರೂಢಿಯಾದಮೇಲೆ ಎತ್ತರ ಅಷ್ಟಾಗಿ ಕಾಡಲ್ಲ. ಆರಾಮವಾಗಿ ಕೂತವನು ಅಲ್ಲಾಡೋದಿಲ್ಲ, ಜಿಂಕೆಯೂ ಬೆದರೋದಿಲ್ಲ, ಕಾಲು ಜೋಮು ಹಿಡಿಯಿತೆಂದು ಕೊಂಡಿ ಬಿಚ್ಚುವ ಯೋಚನೆಯೂ ಬರೋದಿಲ್ಲ. ಜಾಕೆಟ್ ಮಾತ್ರ ಹತ್ತುವಾಗ ಹಾಕಬೇಡಿ. ಬೆವರಿದರೆ ಬೆಳಗಿನ ಚಳಿಗೆ ಗಂಟೆಯೊಳಗೆ ನಡುಗುತ್ತೀರಿ.

ನನಗೆ 15–18 ಅಡಿ ಸಾಕು. ಇನ್ನೂ ಮೇಲೆ ಹೋದರೆ ಹತ್ತಿರ ಬಂದ ಜಿಂಕೆಗೆ ಗುರಿಯ ಕೋನ ಕಡಿದಾಗಿ, ಒಂದೇ ಗುಂಡು ಎರಡೂ ಶ್ವಾಸಕೋಶಕ್ಕೆ ತಗಲೋದು ಕಷ್ಟ. ಬಂದೂಕನ್ನು ಹೆಗಲಿಗೇರಿಸಿ ಹತ್ತೋದಿಲ್ಲ. ಗುಂಡು ತೆಗೆದು, ನಳಿಗೆ ಕೆಳಮುಖವಾಗಿ ಕಟ್ಟಿ, ನಾನು ಕೂತಮೇಲೆ ಹಗ್ಗದಿಂದ ಎಳೆದುಕೊಳ್ಳೋದು. ಬಂದೂಕಿನ ಸೀಸನ್ನಿನಲ್ಲಿ ಸೊಂಟದಿಂದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ಇರಬೇಕೆಂದು ಇಲ್ಲಿನ ನಿಯಮ. ಜಿಂಕೆಗೆ ಅದು ನಮಗೆ ಕಂಡಂತೆ ಕಾಣೋದಿಲ್ಲ, ಬೇರೆ ಶಿಕಾರಿಯವರಿಗೆ ಕಾಣುತ್ತೆ.

ಯಾವ ಮರ, ಎಷ್ಟು ಹೊತ್ತಿಗೆ ವಾಪಸ್ ಅನ್ನೋದು ಹೆಂಡತಿಯ ಫೋನಿನಲ್ಲಿ ಇರುತ್ತೆ. ಸಂಜೆ ಇಳಿಯುವಾಗಲೇ ಅವಸರ ಹೆಚ್ಚು, ಕೈಯೂ ಮರಗಟ್ಟಿರುತ್ತೆ. ಎರಡೂ ಪಾದ ನೆಲ ಮುಟ್ಟುವ ತನಕ ಕೊಂಡಿ ಬಿಚ್ಚೋದಿಲ್ಲ. ಹಾರ್ನೆಸ್‌ಗೂ ವಯಸ್ಸುಂಟು, ಅದರ ಲೇಬಲ್ ಓದಿ. ಅವಧಿ ಮುಗಿದದ್ದನ್ನು ನಾನು ಯಾರಿಗೂ ಕೊಡೋದಿಲ್ಲ, ಪಟ್ಟಿಗಳನ್ನು ಕತ್ತರಿಸಿಯೇ ಕಸಕ್ಕೆ ಹಾಕ್ತೀನಿ.