ಎರಡು ಎಳೆ ಸೇರಿಸಿ ಹೆಣೆಯುವಾಗ

ತೆಳು ಉಣ್ಣೆ ನೂಲಿನ ಜೊತೆ ಒಂದೆಳೆ ಮೊಹೇರ್ (ಅಂಗೋರಾ ಮೇಕೆಯ ಕೂದಲಿನ ನೂಲು) ಸೇರಿಸಿ ಹೆಣೆದರೆ ಸ್ವೆಟರಿಗೆ ಮಂಜು ಕವಿದಂಥ ಮೆದು ಹೊಳಪು ಬರುತ್ತದೆ, ಭಾರವೂ ಹೆಚ್ಚಾಗದು. ಆದರೆ ಕಡ್ಡಿ ಬದಲಿಸಲೇಬೇಕು. ಉಣ್ಣೆಯೊಂದಕ್ಕೆ 3 ಮಿ.ಮೀ. ಕಡ್ಡಿ ಹಿಡಿಯುತ್ತಿದ್ದರೆ ಜೋಡಿ ಎಳೆಗೆ 4 ಅಥವಾ 4.5 ಹಿಡಿಯಿರಿ. ಇಲ್ಲದಿದ್ದರೆ ಹೆಣಿಗೆ ರಟ್ಟಿನಂತೆ ಬಿರುಸಾಗುತ್ತದೆ.

ಮೊದಲು 15 ಸೆಂ.ಮೀ. ಚೌಕದ ಮಾದರಿ ತುಂಡು ಹೆಣೆದು, ಒಗೆದು, ಹಾಸಿ ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಕುಣಿಕೆ ಎಣಿಸಿ. ದಯವಿಟ್ಟು ಇದನ್ನು ಬಿಡಬೇಡಿ. 22 ಬರಬೇಕಾದಲ್ಲಿ 20 ಬಂದರೆ, 220 ಕುಣಿಕೆಯ ಎದೆಸುತ್ತು 100 ಸೆಂ.ಮೀ. ಬದಲು 110 ಆಗಿಬಿಡುತ್ತದೆ!

ಎರಡು ಉಂಡೆಗಳನ್ನು ಬೇರೆ ಬೇರೆ ಬಟ್ಟಲಲ್ಲಿಡಿ. ಎಳೆಗಳ ಬಿಗಿ ಒಂದೇ ಇರಲಿ. ಒಂದು ಸಡಿಲವಾದರೆ ಮೇಲ್ಮೈಯಲ್ಲಿ ಪುಟ್ಟ ಕುಣಿಕೆಗಳು ಎದ್ದು ನಿಲ್ಲುತ್ತವೆ. ಮುಂದಿನ ಸಾಲಿನಲ್ಲಿ ಕಡ್ಡಿ ಎರಡೂ ಎಳೆಗಳ ಒಳಗೆ ಹೋಗಿದೆಯೇ ನೋಡಿ. ಒಂದು ತಪ್ಪಿದರೂ ಅದು ಸಡಿಲ ನೂಲಾಗಿ ಹಿಂದೆ ಉಳಿಯುತ್ತದೆ, ಇಲ್ಲವೇ ಬೇರೆ ಕುಣಿಕೆಯಾಗಿ ಲೆಕ್ಕ ಕೆಡಿಸುತ್ತದೆ.

ಮೊಹೇರ್ ಬಿಚ್ಚಬೇಕಾದರೆ ಜಗ್ಗಬೇಡಿ, ಕೂದಲೆಳೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಒಂದೊಂದೇ ಕುಣಿಕೆ ಬಿಡಿಸಿ.

ಹತ್ತಿ ಮತ್ತು ಉಣ್ಣೆ ಜೋಡಿಸಿದ್ದನ್ನು ಬಿಸಿನೀರಿಗೆ ಹಾಕಬೇಡಿ: ಉಣ್ಣೆ ಕುಗ್ಗುತ್ತದೆ, ಹತ್ತಿ ಅಷ್ಟು ಕುಗ್ಗದೆ ಸುಕ್ಕುಗಟ್ಟುತ್ತದೆ.