ಅಳಿಸುವ ಮುಂಚೆ ಏನು ಕೇಳಬೇಕು: ನನ್ನ ಅನುಭವ

ಒಂದು ಚಿಕ್ಕ ಗ್ರಂಥಾಲಯಕ್ಕೆ ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ವೆಬ್ ಆ್ಯಪ್ ಮಾಡಿಕೊಟ್ಟಿದ್ದೆ. ಸದಸ್ಯರು, ಪುಸ್ತಕಗಳು, ಯಾರು ಯಾವ ಪುಸ್ತಕ ಒಯ್ದಿದ್ದಾರೆ ಅನ್ನುವ ಲೆಕ್ಕ, ಇಷ್ಟೇ. ಅಲ್ಲಿನವರು ಜಾಸ್ತಿ ಕೆಲಸ ಮೊಬೈಲ್‌ನಲ್ಲೇ ಮಾಡುತ್ತಾರೆ. 'ತಿದ್ದಿ' ಒತ್ತಲು ಹೋದ ಬೆರಳು ಪಕ್ಕದ 'ಅಳಿಸಿ' ಮೇಲೆ ಬೀಳಬಹುದು. ಅಳಿಸುವ ಮುಂಚೆ ಒಮ್ಮೆ ಕೇಳುವ ಹಾಗೆ ಮಾಡಿಕೊಡಿ ಅಂದರು.

ಸುಲಭದ ದಾರಿ ಜಾವಾಸ್ಕ್ರಿಪ್ಟ್‌ನ ಕನ್ಫರ್ಮ್, ಅಂದರೆ ಬ್ರೌಸರ್ ತಾನೇ ತೋರಿಸುವ ಪ್ರಶ್ನೆಯ ಪೆಟ್ಟಿಗೆ. ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದರೆ ಅದರ ಬಟನ್‌ಗಳ ಮೇಲಿನ ಪದ ನಮ್ಮ ಕೈಯಲ್ಲಿಲ್ಲ. ಪ್ರಶ್ನೆ ಕನ್ನಡದಲ್ಲಿ, ಬಟನ್ ಬ್ರೌಸರ್‌ನ ಭಾಷೆಯಲ್ಲಿ. ಇನ್ನೊಂದು ತೊಂದರೆ ದೊಡ್ಡದು. ಆ ಪೆಟ್ಟಿಗೆ ಬರುವುದು ಬ್ರೌಸರ್‌ನಲ್ಲಿ, ಅಳಿಸುವ ಕೆಲಸ ನಡೆಯುವುದು ಸರ್ವರ್‌ನಲ್ಲಿ. ಅಳಿಸುವುದು ಬರೀ ಒಂದು ಲಿಂಕ್ ಆಗಿದ್ದರೆ ಕನ್ಫರ್ಮ್ ಇದ್ದೂ ಉಪಯೋಗವಿಲ್ಲ. 2005ರಲ್ಲಿ ಗೂಗಲ್‌ನ ವೆಬ್ ಆ್ಯಕ್ಸಲರೇಟರ್ ಅನ್ನುವ ತಂತ್ರಾಂಶ ಬಂದಾಗ ಹೀಗೇ ಆಗಿತ್ತು. ಪುಟ ಬೇಗ ತೆರೆಯಲಿ ಅಂತ ಅದು ಲಿಂಕ್‌ಗಳನ್ನು ಮೊದಲೇ ತೆರೆದು ನೋಡುತ್ತಿತ್ತು, ಕೆಲವು ಆ್ಯಪ್‌ಗಳಲ್ಲಿ ಡಿಲೀಟ್ ಲಿಂಕ್‌ಗಳನ್ನೂ ತೆರೆಯಿತು, ಕನ್ಫರ್ಮ್ ಪೆಟ್ಟಿಗೆ ಬರದೆಯೇ ಮಾಹಿತಿ ಅಳಿಯಿತು.

ಹಾಗಾಗಿ ನಾನು ಸರ್ವರ್ ಕಡೆಯಿಂದ ಶುರು ಮಾಡಿದೆ. ಅಳಿಸುವ ಕೆಲಸಕ್ಕೆಂದೇ ಜ್ಯಾಂಗೋದಲ್ಲಿರುವ ಡಿಲೀಟ್‌ವ್ಯೂ ಇದಕ್ಕೆ ಸರಿಯಾಗಿದೆ. ಗೆಟ್ (ಲಿಂಕ್ ತೆರೆದಾಗ ಹೋಗುವ ಕೋರಿಕೆ) ಬಂದರೆ ಖಚಿತಪಡಿಸುವ ಪುಟ ತೋರಿಸುತ್ತದೆ, ಪೋಸ್ಟ್ (ಆ ಪುಟದ ಫಾರ್ಮ್ ಕಳಿಸಿದಾಗ ಹೋಗುವ ಕೋರಿಕೆ) ಬಂದರೆ ಮಾತ್ರ ಅಳಿಸುತ್ತದೆ.

ನಾನು ಜಾಸ್ತಿ ಹೊತ್ತು ಕೊಟ್ಟಿದ್ದು ಆ ಪುಟದಲ್ಲಿ ಏನು ಬರೆಯಬೇಕು ಅನ್ನುವುದಕ್ಕೆ. 'ಖಚಿತವೇ?' ಅಂತ ಸುಮ್ನೆ ಕೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸದಸ್ಯರ ಹೆಸರು, ಸದಸ್ಯತ್ವ ಸಂಖ್ಯೆ ಎರಡೂ ಹಾಕಿದೆ, ಒಂದೇ ಹೆಸರಿನವರು ಇಬ್ಬರು ಇರುತ್ತಾರಲ್ವಾ. ನನ್ನ ಮಾಡೆಲ್‌ನಲ್ಲಿ (ಮಾಹಿತಿಯ ರಚನೆ ಹೇಳುವ ಕೋಡ್) ಕ್ಯಾಸ್ಕೇಡ್ ಇತ್ತು, ಅಂದರೆ ಸದಸ್ಯರನ್ನು ಅಳಿಸಿದರೆ ಅವರು ಪುಸ್ತಕ ಒಯ್ದ ದಾಖಲೆಗಳೂ ಹೋಗುತ್ತವೆ. ಅದು ಪರದೆ ಮೇಲೆ ಕಾಣುವುದಿಲ್ಲ. ಆದ್ದರಿಂದ ಎಷ್ಟು ದಾಖಲೆ ಜೊತೆಗೆ ಹೋಗುತ್ತವೆ ಅಂತ ಎಣಿಸಿ ಅಲ್ಲೇ ತೋರಿಸಿದೆ. ಬಟನ್‌ಗಳಿಗೆ 'ಸದಸ್ಯರನ್ನು ಅಳಿಸಿ', 'ಬೇಡ, ಇರಲಿ' ಅಂತ ಹೆಸರಿಟ್ಟೆ. ಸದಸ್ಯರ ಹತ್ತಿರ ಪುಸ್ತಕ ಇನ್ನೂ ಉಳಿದಿದ್ದರೆ ಪ್ರಶ್ನೆಯೇ ಇಲ್ಲ, ಅಳಿಸಲು ಬಿಡುವುದಿಲ್ಲ. ಯಾವ ಪುಸ್ತಕ ವಾಪಸ್ ಬರಬೇಕು ಅಂತ ಮಾತ್ರ ಹೇಳುತ್ತದೆ. ಈ ಪರಿಶೀಲನೆಯನ್ನು ಡಿಲೀಟ್‌ವ್ಯೂದ ಫಾರ್ಮ್-ವ್ಯಾಲಿಡ್ ಮೆಥಡ್‌ನಲ್ಲಿ (ಮೆಥಡ್ ಅಂದರೆ ಒಂದು ಕೆಲಸಕ್ಕೆ ಬರೆದ ಕೋಡ್ ಭಾಗ) ಬರೆಯಬೇಕು. ಜ್ಯಾಂಗೋ 4.0ರಿಂದ ಈಚೆಗೆ ಪೋಸ್ಟ್ ಬಂದಾಗ ಮೊದಲಿನ ಹಾಗೆ ಡಿಲೀಟ್ ಮೆಥಡ್ ಓಡುವುದಿಲ್ಲ.

ಇದೆಲ್ಲ ಸರಿಹೋದ ಮೇಲೆ ಅದೇ ಫಾರ್ಮನ್ನು ಎಚ್‌ಟಿಎಂಎಲ್‌ನ ಡೈಲಾಗ್ ಎಲಿಮೆಂಟ್ (ಪುಟದ ಮೇಲೆ ತೆರೆಯುವ ಪೆಟ್ಟಿಗೆ) ಒಳಗೆ ತಂದೆ. 2022ರ ಮಾರ್ಚ್‌ನಿಂದ ಮುಖ್ಯ ಬ್ರೌಸರ್‌ಗಳೆಲ್ಲದರಲ್ಲೂ ಇದೆ, ಬೇರೆ ಲೈಬ್ರರಿ ಬೇಕಿಲ್ಲ. ಅದನ್ನು ತೆರೆಯಲು ಶೋ-ಮೋಡಲ್ ಮೆಥಡ್ ಕರೆದರೆ ಹಿಂದಿನ ಪುಟ ಒತ್ತಲು ಸಿಗುವುದಿಲ್ಲ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. ಆಟೋಫೋಕಸ್ (ಪೆಟ್ಟಿಗೆ ತೆರೆದಾಗ ಮೊದಲೇ ಆಯ್ಕೆಯಾಗಿರುವ ಬಟನ್) ಅನ್ನು 'ಬೇಡ, ಇರಲಿ' ಮೇಲೆ ಇಟ್ಟೆ, ಅವಸರದಲ್ಲಿ ಎಂಟರ್ ಒತ್ತಿದರೂ ಏನೂ ಅಳಿಯುವುದಿಲ್ಲ. ಸ್ಕ್ರಿಪ್ಟ್ ಲೋಡ್ ಆಗದಿದ್ದರೆ 'ಅಳಿಸಿ' ಲಿಂಕ್ ಮೊದಲು ಮಾಡಿದ ಖಚಿತಪಡಿಸುವ ಪುಟಕ್ಕೇ ಹೋಗುತ್ತದೆ.

ಪುಸ್ತಕಗಳಿಗೂ ಇದೇ ಪೆಟ್ಟಿಗೆ ಹಾಕಿ ಅಂತ ಕೇಳಿದರು. ನಾನು ಒಪ್ಪಲಿಲ್ಲ. ಹರಿದ ಪುಸ್ತಕಗಳನ್ನು ಅವರು ಒಂದೇ ಸಲ ಸಾಲಾಗಿ ತೆಗೆಯುತ್ತಾರೆ. ಪ್ರತಿಯೊಂದಕ್ಕೂ ಕೇಳಿದರೆ ಕೈ ತಾನಾಗಿ 'ಹೌದು' ಒತ್ತುತ್ತದೆ, ಆಮೇಲೆ ಸದಸ್ಯರ ಪ್ರಶ್ನೆಯನ್ನೂ ಯಾರೂ ಓದುವುದಿಲ್ಲ. ಪುಸ್ತಕಕ್ಕೆ ಅಳಿಸಿದ ದಿನಾಂಕದ ಒಂದು ಕಾಲಂ ಸೇರಿಸಿ, ಪಟ್ಟಿಯಿಂದ ಮಾತ್ರ ಮರೆಮಾಡಿದೆ. ಅಳಿಸಿದ ತಕ್ಷಣ ಕೆಳಗೆ 'ಮರಳಿ ತನ್ನಿ' ಲಿಂಕ್ ಬರುತ್ತದೆ. 30 ದಿನದವರೆಗೆ ಕಸದಬುಟ್ಟಿಯಲ್ಲೂ ಸಿಗುತ್ತದೆ, ಆಮೇಲೆ ರಾತ್ರಿ ಓಡುವ ಕ್ರಾನ್ ಕೆಲಸ (ಗೊತ್ತಾದ ಹೊತ್ತಿಗೆ ಸರ್ವರ್ ತಾನಾಗಿ ಓಡಿಸುವ ಕೆಲಸ) ಅದನ್ನು ಪೂರ್ತಿ ತೆಗೆಯುತ್ತದೆ.